ಗಾಜು ಸರಿಯಿದೆ, ಕಡ್ಡಿ ಮುರಿದಿದೆ

ಕನ್ನಡಕ ಒಂದೇ ವಸ್ತು ಅಂತ ನಾವು ಅಂದುಕೊಂಡಿರುತ್ತೇವೆ. ನಿಜಕ್ಕೂ ಅದು ಎರಡು, ಎರಡಕ್ಕೂ ಬೇರೆ ಬೇರೆ ಆಯುಸ್ಸು. ಫ್ರೇಮು ಸವೆಯುವುದು ನಮ್ಮ ಕೈಯಿಂದ. ದಿನಕ್ಕೆ ಹತ್ತು ಸಲ ಬಿಚ್ಚಿ ಮಡಚಿ, ದಿಂಬಿನ ಪಕ್ಕ ಇಟ್ಟು ಮರೆತು, ಬೆವರು ತಾಗಿಸಿ ಅದರ ಕೀಲು ಸಡಿಲ ಮಾಡುತ್ತೇವೆ. ಲೆನ್ಸು ಕೆಲಸಕ್ಕೆ ಬಾರದಂತಾಗುವುದು ಗೀರು ಬಿದ್ದಾಗ, ಇಲ್ಲವೇ ಕಣ್ಣಿನ ನಂಬರು ಬದಲಾದಾಗ. ಈ ಎರಡು ಆಯುಸ್ಸು ಒಂದೇ ದಿನ ಮುಗಿಯುವುದು ಬಹಳ ಅಪರೂಪ. ಹಾಗಾದರೆ ಒಂದು ಹೋದಾಗ ಇನ್ನೊಂದರ ಗತಿ ಏನು? ಅಂಗಡಿಯಲ್ಲಿ ನಿಂತು ಕೇಳಿದರೆ ಇದು ವ್ಯಾಪಾರದ ಪ್ರಶ್ನೆ. ಮನೆಗೆ ಬಂದು ಕೂತರೆ ಇದರೊಳಗೆ ಇನ್ನೂ ಎರಡು ಮೂರು ಪ್ರಶ್ನೆಗಳು ಅಡಗಿರುವುದು ಗೊತ್ತಾಗುತ್ತದೆ.

ಕಳೆದ ಚಳಿಗಾಲದಲ್ಲಿ ನನ್ನ ಕನ್ನಡಕದ ಎಡಗಡೆಯ ಕಡ್ಡಿ ಕೀಲಿನ ಹತ್ತಿರ ಮುರಿಯಿತು. ಹದಿನಾಲ್ಕು ತಿಂಗಳ ಹಿಂದೆ ಮಾಡಿಸಿದ ಪ್ರೊಗ್ರೆಸಿವ್ ಲೆನ್ಸು. ದೂರಕ್ಕೂ ಓದುವುದಕ್ಕೂ ಒಂದೇ ಗಾಜು, ಎರಡಕ್ಕೂ ಸೇರಿ 9,500 ರೂಪಾಯಿ. ಡಾಕ್ಟರ ಹತ್ತಿರ ಹೋಗಿ ಕಣ್ಣು ತೋರಿಸಿದೆ. ನಂಬರು ಅಷ್ಟೇ ಇತ್ತು. ಗಾಜಿನ ಮೇಲೆ ಒಂದು ಗೀರೂ ಇರಲಿಲ್ಲ. ಕೊಂಡ ಅಂಗಡಿಗೆ ಹೋದೆ. ಆ ಮಾದರಿಯ ಫ್ರೇಮು ಈಗ ಬರುತ್ತಿಲ್ಲ, ಕಡ್ಡಿಯೊಂದನ್ನೇ ಮಾರುವ ಪದ್ಧತಿ ಇಲ್ಲ, ಹಳೆಯ ಲೆನ್ಸನ್ನು ಬೇರೆ ಫ್ರೇಮಿಗೆ ಕೂರಿಸುವುದಿಲ್ಲ ಅಂದರು. ಕೌಂಟರಿನಲ್ಲಿದ್ದ ಹುಡುಗಿ ಬಹಳ ಸೌಜನ್ಯದಿಂದ, ‘ಸರ್, ಈಗ ಒಂದಕ್ಕೆ ಒಂದು ಉಚಿತ ಆಫರ್ ಇದೆ, ಎರಡು ಜೊತೆ ಸಿಗುತ್ತೆ’ ಅಂದಳು. ಒಂದು ಕಡ್ಡಿ ಕೇಳಲು ಹೋದವನಿಗೆ ನಾಲ್ಕು ಗಾಜು ಕೊಡಲು ಅವರು ತಯಾರಿದ್ದರು.

ಅಂಗಡಿಯವರನ್ನು ಲೋಭಿಗಳೆಂದು ಬೈದರೆ ಪ್ರಬಂಧ ಇಲ್ಲಿಗೇ ಮುಗಿದುಹೋಗುತ್ತದೆ. ಹಾಗೆ ಮುಗಿಸಲು ನನಗೆ ಇಷ್ಟವಿಲ್ಲ, ಏಕೆಂದರೆ ಅವರ ಮಾತಿನಲ್ಲೂ ಹುರುಳಿದೆ. ಹಳೆಯ ಲೆನ್ಸನ್ನು ಹೊಸ ಫ್ರೇಮಿಗೆ ಕೂರಿಸುವುದು ಹೊಸದನ್ನು ಕೂರಿಸುವುದಕ್ಕಿಂತ ಕಷ್ಟದ ಕೆಲಸ. ಹೊಸ ಲೆನ್ಸು ದೊಡ್ಡ ಬಿಲ್ಲೆಯಾಗಿ ಬರುತ್ತದೆ, ಹೇಗೆ ಬೇಕಾದರೂ ಕತ್ತರಿಸಬಹುದು. ಹಳೆಯದು ಆಗಲೇ ಕತ್ತರಿಸಿಕೊಂಡು ಬಂದಿದೆ. ಅದನ್ನು ಉಜ್ಜಿ ಚಿಕ್ಕದು ಮಾಡಬಹುದೇ ಹೊರತು ಕೂದಲೆಳೆಯಷ್ಟೂ ದೊಡ್ಡದು ಮಾಡಲಾಗದು.

ನಿಮ್ಮ ಕನ್ನಡಕದ ಕಡ್ಡಿಯ ಒಳಮೈ ನೋಡಿ. 52, 18, 140 ಎಂಬಂತೆ ಮೂರು ಸಂಖ್ಯೆಗಳಿರುತ್ತವೆ. ಮೊದಲನೆಯದು ಒಂದು ಗಾಜಿನ ಅಗಲ, ಎರಡನೆಯದು ಎರಡು ಗಾಜುಗಳ ನಡುವೆ ಮೂಗಿನ ಮೇಲಿರುವ ಅಂತರ, ಮೂರನೆಯದು ಕಡ್ಡಿಯ ಉದ್ದ. ಎಲ್ಲವೂ ಮಿಲಿಮೀಟರಿನಲ್ಲಿ. 52ರ ಬದಲು 50ರ ಫ್ರೇಮು ತಂದರೆ ಮುಗಿಯಿತು ಅಂತ ನಾನೂ ಮೊದಲು ಲೆಕ್ಕ ಹಾಕಿದ್ದು. ಆದರೆ ಲೆನ್ಸಿಗೊಂದು ಕೇಂದ್ರಬಿಂದು ಇರುತ್ತದೆ, ಅದು ಕಣ್ಣಿನ ಪಾಪೆಯ ಎದುರಿಗೇ ಬರಬೇಕು. ನನ್ನ ಎರಡು ಪಾಪೆಗಳ ನಡುವೆ 64 ಮಿಲಿಮೀಟರ್. ಅಂದರೆ ಮೂಗಿನ ನಡುಗೆರೆಯಿಂದ ಒಂದೊಂದು ಕೇಂದ್ರ 32 ದೂರ. ಅದರಲ್ಲಿ ಸೇತುವೆಯ ಅರ್ಧ 9 ಕಳೆದರೆ, ಕೇಂದ್ರದಿಂದ ಮೂಗಿನ ಕಡೆಗೆ ಗಾಜು ಇರುವುದು 23 ಮಿಲಿಮೀಟರ್. ಹೊಸ ಫ್ರೇಮಿನ ಸೇತುವೆಯೂ 18 ಇದ್ದರೆ ಸರಿಹೋಗುತ್ತದೆ, ಕಿವಿಯ ಕಡೆಗೆ 2 ಉಜ್ಜಿದರೆ ಸಾಕು. ಸೇತುವೆ 16 ಇದ್ದರೆ ಮೂಗಿನ ಕಡೆಗೆ 24 ಬೇಕಾಗುತ್ತದೆ. ಗಾಜು ಒಂದು ಮಿಲಿಮೀಟರ್ ಸಾಲದು. ಫ್ರೇಮು ಚಿಕ್ಕದಾಗಿದ್ದೂ ಗಾಜು ಸಾಲದೆ ಹೋಗುವ ವಿಚಿತ್ರ ಇದು.

ಕೇಂದ್ರ ಸರಿದರೆ ಏನಾಗುತ್ತದೆ ಎಂಬುದಕ್ಕೂ ಲೆಕ್ಕವಿದೆ. 5 ಪವರಿನ ಲೆನ್ಸು 4 ಮಿಲಿಮೀಟರ್ ಆಚೀಚೆಯಾದರೆ 2 ಪ್ರಿಸಂ ಡಯಾಪ್ಟರಿನಷ್ಟು ಬೆಳಕು ಬಾಗುತ್ತದೆ. ಒಂದು ಮೀಟರ್ ದೂರದ ವಸ್ತು 2 ಸೆಂಟಿಮೀಟರ್ ಸರಿದಂತೆ ಕಾಣುತ್ತದೆ. ಕಣ್ಣು ಅದನ್ನು ಸರಿಪಡಿಸಿಕೊಳ್ಳಲು ಒದ್ದಾಡಿ ಸಂಜೆಗೆ ತಲೆನೋವು ತರಿಸುತ್ತದೆ. ಸಿಲಿಂಡರ್ ನಂಬರು ಇದ್ದವರಿಗೆ ಗಾಜು ಫ್ರೇಮಿನೊಳಗೆ ತುಸು ತಿರುಗಿದರೂ ನೋಟ ಕೆಡುತ್ತದೆ. ಪ್ರೊಗ್ರೆಸಿವ್ ಆದರೆ ಫ್ರೇಮಿನ ಆಳವೂ ಸಾಕಷ್ಟಿರಬೇಕು, ಇಲ್ಲದಿದ್ದರೆ ಓದುವ ಭಾಗವೇ ಕತ್ತರಿಸಿಹೋಗುತ್ತದೆ. ಇಷ್ಟೆಲ್ಲ ಗೊತ್ತಾದ ಮೇಲೆ ‘ನಾವು ಹಳೆ ಲೆನ್ಸು ಮುಟ್ಟುವುದಿಲ್ಲ’ ಎನ್ನುವ ಅಂಗಡಿಯ ಮೇಲೆ ನನಗೆ ಸಿಟ್ಟು ಕಡಿಮೆಯಾಯಿತು. ಪ್ರಶ್ನೆ ಮಾತ್ರ ಕಡಿಮೆಯಾಗಲಿಲ್ಲ.

ದೆಹಲಿಯಲ್ಲಿ ಕನ್ನಡಕದ ಮಾತು ಬಂದರೆ ಎಲ್ಲರೂ ಹೇಳುವುದು ಬಲ್ಲೀಮಾರಾನ್. ಚಾಂದನಿ ಚೌಕದಿಂದ ಒಳಕ್ಕೆ ಹೋಗುವ ಆ ಬೀದಿಯಲ್ಲಿ ಒಂದು ಕಡೆ ಚಪ್ಪಲಿ, ಇನ್ನೊಂದು ಕಡೆ ಕನ್ನಡಕ. ಪಕ್ಕದ ಗಲಿ ಖಾಸಿಂ ಜಾನ್‌ನಲ್ಲಿ 1869ರಲ್ಲಿ ತೀರಿಕೊಂಡ ಕವಿ ಗಾಲಿಬ್ ಕೊನೆಯ ವರ್ಷಗಳನ್ನು ಕಳೆದ ಮನೆ ಇದೆ. ಮಯೂರ್ ವಿಹಾರದಿಂದ ಮೆಟ್ರೊ ಹಿಡಿದು, ರಾಜೀವ್ ಚೌಕದಲ್ಲಿ ಬದಲಿಸಿ, ಚಾವ್ಡಿ ಬಜಾರಿನಲ್ಲಿ ಇಳಿದು ನಡೆದೆ. ಮೊದಲ ನಾಲ್ಕು ಅಂಗಡಿಯವರು ನನ್ನ ಮುಖ ನೋಡಿ, ‘ಡಜನ್ ಲೆಕ್ಕದಲ್ಲಿ ಮಾತ್ರ’ ಅಂದರು. ಅದು ಸಗಟು ಮಾರುಕಟ್ಟೆ. ಒಂದು ಫ್ರೇಮು ಬೇಕೆಂದು ಬಂದವನು ಅಲ್ಲಿ ದಾರಿ ತಪ್ಪಿದವನೇ. ಐದನೆಯವರು ಒಂದು ಮೆಟ್ಟಿಲಿನ ಕಡೆ ಕೈ ತೋರಿಸಿದರು.

ಮೇಲೆ ಒಂದು ಸಣ್ಣ ಕೋಣೆ. ಉಜ್ಜುವ ಯಂತ್ರ, ನಂಬರು ನೋಡುವ ಯಂತ್ರ, ಬಿಳಿ ಗಡ್ಡದ ಒಬ್ಬ ಹಿರಿಯರು. ಆ ಬೀದಿಯಲ್ಲಿ ಅವರನ್ನು ಎಲ್ಲರೂ ಚಾಚಾ ಅನ್ನುತ್ತಾರೆ, ನಾನೂ ಹಾಗೇ ಅಂದೆ. ಅವರು ನನ್ನ ಲೆನ್ಸನ್ನು ಬೆಳಕಿಗೆ ಓರೆಯಾಗಿ ಹಿಡಿದು ಉಸಿರು ಬಿಟ್ಟರು. ಮಂಜು ಕಟ್ಟಿದ ಗಾಜಿನ ಮೇಲೆ ಎರಡು ಪುಟ್ಟ ವೃತ್ತಗಳು ಕಂಡವು. ಪ್ರೊಗ್ರೆಸಿವ್ ಲೆನ್ಸುಗಳಲ್ಲಿ 34 ಮಿಲಿಮೀಟರ್ ಅಂತರದಲ್ಲಿ ಇಂಥ ಗುರುತು ಕೊರೆದಿರುತ್ತಾರಂತೆ, ಕಣ್ಣಿಗೆ ಸುಲಭವಾಗಿ ಕಾಣದ ಹಾಗೆ. ಅವೆರಡು ಸಿಕ್ಕರೆ ಪಾಪೆಯ ಜಾಗ ಎಲ್ಲಿ ಬರಬೇಕೆಂದು ಮತ್ತೆ ಗುರುತು ಹಾಕಬಹುದು. ಅವರು ಕೆಳಗಿನಿಂದ ಏಳೆಂಟು ಫ್ರೇಮು ತರಿಸಿ, ಒಂದೊಂದರ ಮೇಲೂ ಗಾಜು ಇಟ್ಟು ನೋಡಿ, ಮೂರನ್ನು ಉಳಿಸಿಕೊಂಡರು. ಕೊನೆಗೆ ಒಂದು ಲೋಹದ ಫ್ರೇಮು ಆರಿಸಿ ಹೇಳಿದ್ದು ಇಷ್ಟು: ‘ಸಾಬ್, ಪ್ಲಾಸ್ಟಿಕ್ ಫ್ರೇಮಿಗೆ ಬಿಸಿ ಕೊಡಬೇಕಾಗುತ್ತೆ, ಬಿಸಿಗೆ ನಿಮ್ಮ ಗಾಜಿನ ಕೋಟಿಂಗ್ ಬಿರುಕು ಬಿಡಬಹುದು. ಇದಕ್ಕೆ ಸ್ಕ್ರೂ ಇದೆ, ಬಿಸಿ ಬೇಡ. ಬಲಗಾಜಿನ ಅಂಚಿನಲ್ಲಿ ಒಂದು ಸಣ್ಣ ಚೆಕ್ಕೆ ಎದ್ದಿದೆ, ಅದು ಉಜ್ಜುವಾಗ ಹೋಗುತ್ತೆ ಅನ್ನಿಸುತ್ತೆ. ಹೋಗದೆ ಒಳಕ್ಕೆ ಸೀಳಿದರೆ ಗಾಜು ಹಾಳು. ಪಕ್ಕದ ನೋಟ ಒಂಚೂರು ಕಡಿಮೆಯಾಗುತ್ತೆ. ಒಮ್ಮೆ ಉಜ್ಜಿದರೆ ವಾಪಸು ಬರಲ್ಲ. ಮಾಡಲಾ?’

ಮಾಡಿ ಅಂದೆ. ಫ್ರೇಮಿಗೆ 450, ಕೂರಿಸಲು 200. ಮುಕ್ಕಾಲು ಗಂಟೆ ಹಿಡಿಯಿತು. ಗಾಜು ಸೀಳಲಿಲ್ಲ.

ನಾನು ಯೋಚಿಸುತ್ತಿರುವುದು ಆ ‘ಮಾಡಲಾ?’ ಎಂಬ ಮಾತಿನ ಬಗ್ಗೆ. ಥಳಥಳಿಸುವ ಅಂಗಡಿಯಲ್ಲೂ ನನಗೆ ಅಪಾಯದ ಮಾತು ಹೇಳಿದ್ದರು: ‘ಒಡೆದರೆ ನಮ್ಮ ಜವಾಬ್ದಾರಿ ಅಲ್ಲ.’ ಚಾಚಾ ಕೂಡ ಒಡೆಯಬಹುದು ಅಂದರು. ಮಾತು ಮೇಲ್ನೋಟಕ್ಕೆ ಒಂದೇ. ಆದರೆ ಮೊದಲನೆಯವರು ಅಪಾಯ ಯಾವುದು ಎಂದು ಹೇಳದೆ ಅದು ಯಾರದು ಎಂದು ಮಾತ್ರ ಹೇಳಿದರು. ಎರಡನೆಯವರು ಅಪಾಯ ಎಲ್ಲಿದೆ, ಎಷ್ಟಿದೆ, ಕಡಿಮೆ ಮಾಡಲು ತಾನೇನು ಮಾಡುತ್ತೇನೆ ಎಂದು ಹೇಳಿ ನಿರ್ಧಾರವನ್ನು ನನಗೆ ಬಿಟ್ಟರು. ಒಬ್ಬರು ಜವಾಬ್ದಾರಿಯ ಮಾತಾಡಿ ದೂರ ಸರಿದರು, ಇನ್ನೊಬ್ಬರು ಅದೇ ಮಾತಾಡಿ ಹತ್ತಿರ ಬಂದರು. ವ್ಯಾಪಾರದಲ್ಲಿ ಪ್ರಾಮಾಣಿಕತೆ ಎಂದರೆ ಸುಳ್ಳು ಹೇಳದಿರುವುದು ಅಂತ ಸಾಮಾನ್ಯವಾಗಿ ತಿಳಿಯುತ್ತೇವೆ. ಅಂಗಡಿಯವರು ಒಂದು ಸುಳ್ಳನ್ನೂ ಹೇಳಿರಲಿಲ್ಲ. ಆದರೂ ಅಲ್ಲಿಂದ ಹೊರಬಂದಾಗ ನನ್ನ ವಸ್ತುವಿನ ಬಗ್ಗೆ ನನಗೆ ಹೊಸದಾಗಿ ಏನೂ ಗೊತ್ತಾಗಿರಲಿಲ್ಲ.

ನಮ್ಮ ಕಾನೂನಿನಲ್ಲಿ ಇದಕ್ಕೆ ಹತ್ತಿರದ ಒಂದು ಮಾತಿದೆ. ದರ್ಜಿಗೆ ಬಟ್ಟೆ, ಅಕ್ಕಸಾಲಿಗೆ ಬಂಗಾರ ಕೊಟ್ಟ ಹಾಗೆ ಒಬ್ಬರ ವಸ್ತು ಇನ್ನೊಬ್ಬರ ಕೈಗೆ ಹೋದಾಗ ಏನಾಗಬೇಕು ಎಂದು 1872ರ ಭಾರತೀಯ ಕರಾರು ಕಾಯ್ದೆ ಹೇಳುತ್ತದೆ. ಅದರ 151ನೇ ಕಲಮಿನ ಪ್ರಕಾರ, ವಿವೇಕವುಳ್ಳ ಸಾಮಾನ್ಯ ಮನುಷ್ಯ ಅಂಥದ್ದೇ ತನ್ನ ಸ್ವಂತ ವಸ್ತುವನ್ನು ಎಷ್ಟು ಜೋಪಾನ ಮಾಡುತ್ತಾನೋ ಅಷ್ಟು ಜೋಪಾನವನ್ನು ಪರರ ವಸ್ತುವಿಗೂ ಮಾಡಬೇಕು. ಅಷ್ಟು ಮಾಡಿದ ಮೇಲೂ ಒಡೆದರೆ, ಬೇರೆ ಕರಾರು ಇಲ್ಲದಿದ್ದಲ್ಲಿ, ಅವನು ಹೊಣೆಯಲ್ಲ. ಎಷ್ಟು ಸರಳವಾದ ಅಳತೆಗೋಲು! ಗಾಜು ಒಡೆಯುವುದೇ ಇಲ್ಲ ಎಂಬ ಭರವಸೆಯನ್ನು ಯಾರೂ ಕೊಡಬೇಕಿಲ್ಲ. ತನ್ನದೆಂದು ಹಿಡಿದರೆ ಸಾಕು. ಕೆಲಸವನ್ನೇ ಒಪ್ಪಿಕೊಳ್ಳದವನಿಗೆ ಈ ಕಲಮು ತಾಗುವುದಿಲ್ಲ ಎಂಬುದು ನಿಜ. ಹೊಣೆ ತಪ್ಪಿಸಿಕೊಳ್ಳುವ ಅತಿ ಸುಲಭದ ದಾರಿ ಮುಟ್ಟದೇ ಇರುವುದು.

ನಮ್ಮ ಕನ್ನಡ ಬಳಗದ ಹಿರಿಯರೊಬ್ಬರಿಗೆ ಈ ಕತೆಯನ್ನೆಲ್ಲ ಸಂಭ್ರಮದಿಂದ ಹೇಳಿದೆ. ಅವರು ಕೇಂದ್ರ ಸರ್ಕಾರದ ನೌಕರಿಯಿಂದ ನಿವೃತ್ತರು, ಮಾತು ಖಡಕ್ಕು. ‘ಏನ್ರೀ, ಒಂಬತ್ತೂವರೆ ಸಾವಿರ ಉಳಿಸಿದೆ ಅಂತ ಕುಣೀತಿದ್ದೀರಿ. ಅದನ್ನ ಉಳಿಸಿಕೊಟ್ಟವನಿಗೆ ಸಿಕ್ಕಿದ್ದು ಇನ್ನೂರು. ಅವನ ಕೈಕೆಲಸ ಅಗ್ಗ ಆಗಿರೋದರಿಂದ ತಾನೇ ನಿಮ್ಮ ಮಿತವ್ಯಯ ಸಾಧ್ಯ ಆಗಿದ್ದು? ಕೂಲಿ ದುಬಾರಿ ಇರೋ ದೇಶದಲ್ಲಿ ನೀವು ಈ ಗುಣ ತೋರಿಸೋಕೆ ಆಗ್ತಿತ್ತಾ? ನಿಮ್ಮ ಗುಣಕ್ಕೆ ಬೆಲೆ ಕಟ್ಟಿದವನು ಅವನು’ ಅಂದರು.

ಉತ್ತರ ತಕ್ಷಣ ಹೊಳೆಯಲಿಲ್ಲ. ‘ಅವರೇ ಹೇಳಿದ ಬೆಲೆ, ನಾನು ಚೌಕಾಸಿ ಮಾಡಲಿಲ್ಲ’ ಅನ್ನಬಹುದಿತ್ತು. ಆದರೆ ಕೇಳಿದವನು ಕಡಿಮೆ ಕೇಳಿದ ಎಂಬುದು ಕೊಟ್ಟವನ ನ್ಯಾಯಕ್ಕೆ ಪೂರ್ತಿ ಸಾಕ್ಷಿಯಾಗಲಾರದು. ಒಳ್ಳೆಯ ಲೆನ್ಸನ್ನು ಎಸೆಯಬಾರದು ಅಂತ ನಾನು ಹೇಳುವುದು ಯಾಕೆ? ದುಡ್ಡಿನ ಮಾತು ಒಂದು ಕಡೆ ಇಡೋಣ. ನಾವು ಗಾಜು ಅನ್ನುವುದು ಈಗ ಬಹುಪಾಲು ಗಾಜೇ ಅಲ್ಲ, ಪ್ಲಾಸ್ಟಿಕ್ಕು. ಎಲ್ಲೋ ಒಂದು ಕಾರ್ಖಾನೆಯಲ್ಲಿ ನನ್ನೊಬ್ಬನ ಕಣ್ಣಿಗೆಂದು ಅದನ್ನು ಕಡೆದಿದ್ದಾರೆ. ಇನ್ನೊಬ್ಬರಿಗೆ ಅದು ಉಪಯೋಗವಿಲ್ಲ, ಹಳೆಯ ಬಟ್ಟೆಯ ಹಾಗೆ ಕೊಟ್ಟು ಪುಣ್ಯ ಕಟ್ಟಿಕೊಳ್ಳಲೂ ಆಗದು. ನಾನು ಎಸೆದರೆ ಆ ಕೆಲಸ ಪೂರ್ತಿ ವ್ಯರ್ಥ. ಅಂದರೆ ನನ್ನ ವಾದ ನಿಂತಿರುವುದು ಬೇರೆಯವರ ದುಡಿಮೆಯ ಗೌರವದ ಮೇಲೆ. ಹಾಗಿರುವಾಗ ಒಬ್ಬರ ದುಡಿಮೆ ಉಳಿಸಲು ಇನ್ನೊಬ್ಬರ ದುಡಿಮೆಯನ್ನು ಅಗ್ಗಕ್ಕೆ ತೆಗೆದುಕೊಂಡರೆ ವಾದ ತನ್ನ ಕಾಲಿನ ಮೇಲೆ ತಾನೇ ಕೊಡಲಿ ಹಾಕಿಕೊಂಡಂತೆ. ಹಿರಿಯರ ಮಾತು ಸರಿಯಾದ ಜಾಗಕ್ಕೇ ತಾಗಿತ್ತು.

ಮಿತವ್ಯಯವನ್ನು ಗುಣ ಎನ್ನುವ ಮೊದಲು ಇನ್ನೊಂದನ್ನೂ ನೋಡಬೇಕು. ಧಾರವಾಡದ ಕಡೆಯ ನಮ್ಮ ಮನೆಯಲ್ಲಿ ಹಳೆಯ ಸೀರೆ ಕೌದಿಯಾಗುತ್ತಿತ್ತು, ಕೌದಿ ಹರಿದರೆ ಕಾಲೊರೆಸಾಗುತ್ತಿತ್ತು. ವರ್ಷಕ್ಕೊಮ್ಮೆ ಕಲಾಯಿಯವನು ಬಂದು ಹಿತ್ತಾಳೆ ಪಾತ್ರೆಗಳಿಗೆ ಹೊಳಪು ಕೊಟ್ಟು ಹೋಗುತ್ತಿದ್ದ. ಇದನ್ನೆಲ್ಲ ಈಗ ನೆನೆದು ‘ಆಗಿನವರು ಏನೂ ಎಸೆಯುತ್ತಿರಲಿಲ್ಲ’ ಎಂದು ಬರೆಯುವುದು ಹೊರನಾಡಿನಲ್ಲಿರುವ ನಮಗೆ ಬಹಳ ಇಷ್ಟದ ಕೆಲಸ. ಆದರೆ ನಮ್ಮವ್ವನಿಗೆ ಬೇರೆ ದಾರಿ ಇರಲಿಲ್ಲ. ಅವಳಿಗೆ ಹೊಸ ಹೊದಿಕೆ ಕೊಡಿಸಿದ್ದರೆ ಸಂತೋಷದಿಂದ ತಗೊಳ್ಳುತ್ತಿದ್ದಳು. ದಾರಿ ಇಲ್ಲದವರು ಹೊಂದಿಸಿಕೊಂಡು ಹೋಗುವುದನ್ನು ಗುಣವೆಂದು ಹೊಗಳುವುದರಲ್ಲಿ ಒಂದು ಕ್ರೌರ್ಯವಿದೆ. ಗುಣದ ಮಾತು ಬರುವುದು ಎಸೆಯಲು ಶಕ್ತಿ ಇದ್ದವನು ಎಸೆಯದಿದ್ದಾಗ. ಆಗಲೂ ಅವನು ಉಳಿಸಿದ್ದು ಏನನ್ನು ಎಂದು ಕೇಳಬೇಕು. ಬರಿಯ ದುಡ್ಡಾದರೆ ಅದು ಜಾಣತನ, ಅಷ್ಟೇ.

2020ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಗಾಂಧೀಜಿಯವರದೆನ್ನಲಾದ, ಚಿನ್ನದ ಲೇಪದ ಒಂದು ಕನ್ನಡಕ 2,60,000 ಪೌಂಡಿಗೆ ಹರಾಜಾಯಿತು. ಆ ಗಾಜಿನ ಮೂಲಕ ಈಗ ಯಾರೂ ನೋಡುವುದಿಲ್ಲ. ನೋಡುವ ಕೆಲಸ ಮುಗಿದ ಕನ್ನಡಕಕ್ಕೆ ಅಷ್ಟು ಬೆಲೆ, ಇನ್ನೂ ಚೆನ್ನಾಗಿ ಕಾಣಿಸುತ್ತಿರುವ ಗಾಜಿಗೆ ಕಸದ ಬುಟ್ಟಿ. ವಸ್ತುವನ್ನು ಪೂಜೆ ಮಾಡುವುದು, ಇಲ್ಲವೇ ಬಿಸಾಡುವುದು, ಎರಡೂ ನಮಗೆ ಬರುತ್ತದೆ. ನಡುವಿನದು, ಅಂದರೆ ಬಳಸುತ್ತಾ ಕಾಪಾಡುವುದು, ಕಷ್ಟ.

ಎಲ್ಲವನ್ನೂ ಕಾಪಾಡಬೇಕು ಎಂದೂ ನಾನು ಹೇಳುತ್ತಿಲ್ಲ. ಬೆಳೆಯುವ ಮಕ್ಕಳ ನಂಬರು ಬೇಗ ಬದಲಾಗುತ್ತದೆ, ಅವರ ಹಳೆಯ ಗಾಜಿಗೆ ಹೊಸ ಫ್ರೇಮು ಹುಡುಕುವುದು ದಡ್ಡತನ. ಕೋಟಿಂಗ್ ಎದ್ದುಹೋದ, ಗೀರು ತುಂಬಿದ ಲೆನ್ಸನ್ನು ಅಭಿಮಾನಕ್ಕೆಂದು ಇಟ್ಟುಕೊಂಡರೆ ಕಣ್ಣಿಗೇ ನಷ್ಟ. ಒಂದು ವರ್ಷದಿಂದ ಕಣ್ಣು ತೋರಿಸದವರು ಫ್ರೇಮು ಹುಡುಕುವ ಮೊದಲು ಡಾಕ್ಟರ ಹತ್ತಿರ ಹೋಗಲಿ.

ಇದನ್ನೆಲ್ಲ ಬರೆಯುವಾಗ ಒಂದು ಹೋಲಿಕೆ ಪದೇ ಪದೇ ಬಂದು ಬಾಗಿಲು ತಟ್ಟಿತು. ಊರು ಬಿಟ್ಟು ಬಂದ ನಾವೂ ಹಳೆಯ ಗಾಜುಗಳೇ ತಾನೆ, ಹೊಸ ಫ್ರೇಮಿಗೆ ಅಂಚು ಉಜ್ಜಿಕೊಂಡು ಕೂತವರು, ನೋಟ ಅದೇ, ಅಗಲ ಮಾತ್ರ ಕಡಿಮೆ ಎಂದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನೂ ಪಕ್ಕದಲ್ಲಿಟ್ಟರೆ ಚಪ್ಪಾಳೆ ಸಿಗುತ್ತದೆ. ನಾನು ಬಾಗಿಲು ತೆಗೆಯಲಿಲ್ಲ. ಚಾಚಾ ‘ಮಾಡಲಾ?’ ಎಂದು ಕೇಳಿದ್ದು ನನ್ನನ್ನು, ಗಾಜನ್ನಲ್ಲ. ಗಾಜಿಗೆ ಅಭಿಪ್ರಾಯವಿಲ್ಲ, ಅದನ್ನು ಉಜ್ಜಬಹುದು. ಮನುಷ್ಯರನ್ನು, ಅವರ ಭಾಷೆಯನ್ನು, ಚೌಕಟ್ಟಿಗೆ ಸರಿಹೊಂದಲಿ ಎಂದು ಉಜ್ಜುವ ಮೊದಲು ಅವರನ್ನೇ ಕೇಳಬೇಕು. ವಸ್ತುವಿನ ನೀತಿಯನ್ನು ಮನುಷ್ಯರಿಗೆ ಹಾಗೇ ಎತ್ತಿಹಾಕಿದರೆ ಅದು ಅನೀತಿಯಾಗಬಹುದು.

ಸರಿ, ಮಾಡಬೇಕಾದದ್ದು ಏನು? 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿ, ಅದೇ ಡಿಸೆಂಬರಿನಲ್ಲಿ ಒಂದು ಪೋರ್ಟಲ್ ತೆರೆಯಿತು. ಕೃಷಿ ಯಂತ್ರ, ಮೊಬೈಲು ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ವಸ್ತು, ವಾಹನ ಎಂಬ ನಾಲ್ಕು ವಲಯಗಳನ್ನು ಗುರುತಿಸಿತು. ಆ ನಾಲ್ಕರಲ್ಲಿ ಕನ್ನಡಕ ಇಲ್ಲ. ಇದ್ದಿದ್ದರೆ ನಾನು ಕೇಳುತ್ತಿದ್ದುದು ದೊಡ್ಡದೇನಲ್ಲ. ಪಾಪೆಗಳ ನಡುವಿನ ಅಂತರವನ್ನು ಬಿಲ್ಲಿನ ಮೇಲೆ ಬರೆದುಕೊಡಿ. ಅದು ನನ್ನ ಮುಖದ ಅಳತೆ, ಅಂಗಡಿಯ ಗುಟ್ಟಲ್ಲ. ಫ್ರೇಮು ಮಾರುವವರು ಅದರ ಕಡ್ಡಿಯನ್ನೂ ಬಿಡಿಯಾಗಿ ಮಾರಿ. ಕೆಲಸ ಒಲ್ಲೆ ಎನ್ನುವವರು ಯಾಕೆ ಒಲ್ಲೆ ಎಂದು ಒಂದು ವಾಕ್ಯದಲ್ಲಿ ಹೇಳಿ, ಮಾಡುವವರು ಎಲ್ಲಿದ್ದಾರೆ ಎಂದು ಇನ್ನೊಂದು ವಾಕ್ಯದಲ್ಲಿ ಹೇಳಿ.

ಈ ಎರಡನೆಯ ವಾಕ್ಯದ ಅಗತ್ಯ ನನಗಿಂತ ಹೆಚ್ಚಾಗಿ ನಮ್ಮ ಕಟ್ಟಡದ ರಾತ್ರಿ ಪಾಳಿಯ ಗಾರ್ಡ್‌ಗೆ ಇತ್ತು. ಬಿಹಾರದವರು, ಐವತ್ತು ದಾಟಿದವರು. ಅವರ ಕನ್ನಡಕದ ಕಡ್ಡಿಗೆ ದಾರ ಸುತ್ತಿತ್ತು. ಬಂದುಹೋಗುವವರ ರಿಜಿಸ್ಟರನ್ನು ಒಂದು ಕೈಯಲ್ಲಿ ಕನ್ನಡಕ ಹಿಡಿದುಕೊಂಡೇ ಓದುತ್ತಿದ್ದರು. ಅವರಿಗೂ ಗಾಜು ಸರಿಯಿತ್ತು. ಫ್ರೇಮು ಮಾತ್ರ ಬದಲಿಸಬಹುದು ಎಂಬುದೇ ಗೊತ್ತಿರಲಿಲ್ಲ, ಪೂರಾ ಹೊಸದಕ್ಕೆ ದುಡ್ಡು ಕೂಡಿಸುತ್ತಿದ್ದರು. ನಾನು ವಿಳಾಸ ಹೇಳಿದೆ. ‘ನನ್ನ ರಜೆ ಭಾನುವಾರ ಸಾಬ್’ ಅಂದರು. ಭಾನುವಾರ ಆ ಬೀದಿ ಮುಚ್ಚಿರುತ್ತದೆ. ದಾರಿ ಹೇಳಿಬಿಟ್ಟರೆ ನಮ್ಮ ಕರ್ತವ್ಯ ಮುಗಿಯಿತು ಎನ್ನುವವರು ಅಂಗಡಿ ತೆರೆದಿರುವ ವಾರವನ್ನೂ ನೋಡಿಕೊಳ್ಳಬೇಕಾಗುತ್ತದೆ. ಕೊನೆಗೆ ಅವರು ಒಂದು ಬೆಳಿಗ್ಗೆ ಪಾಳಿ ಮುಗಿಸಿ, ನಿದ್ದೆ ಬಿಟ್ಟು ಹೋಗಿಬಂದರು. ಮೊದಲ ಅಂಗಡಿಗಳಲ್ಲಿ ನಿಲ್ಲಬೇಡಿ, ನೇರ ಮೆಟ್ಟಿಲು ಹತ್ತಿ ಎಂದು ಹೇಳಿಕಳಿಸಿದ್ದೆ.

ಸಂಜೆ ಗೇಟಿನಲ್ಲಿ ಹೊಸ ಫ್ರೇಮು ತೋರಿಸಿದರು. ಕಪ್ಪು ಬಣ್ಣದ್ದು, 150 ರೂಪಾಯಿಯದು. ‘ಕೂರಿಸೋಕೆ ಐವತ್ತು ತಗೊಂಡರು. ನಿಮ್ಮ ಹತ್ತಿರ ಎಷ್ಟು ತಗೊಂಡಿದ್ದರು ಸಾಬ್?’ ಅಂದರು. ಇನ್ನೂರು ಅಂದೆ. ಅವರು ನಕ್ಕರು, ನಾನೂ ನಕ್ಕೆ. ನಮ್ಮಿಬ್ಬರ ಗಾಜು ಬೇರೆ, ಕೆಲಸದಲ್ಲಿ ವ್ಯತ್ಯಾಸ ಇದ್ದಿರಬಹುದು. ಆದರೆ ಬರಿಯ ಅದೇ ಕಾರಣ ಇರಲಾರದು ಅಂತ ಇಬ್ಬರಿಗೂ ಅನ್ನಿಸಿತು.

ಇದನ್ನು ಬಳಗದ ಹಿರಿಯರಿಗೆ ಹೇಳಿದೆ, ಈ ಸಲ ಗೆದ್ದೆ ಎಂಬ ಹುಮ್ಮಸ್ಸಿನಲ್ಲಿ. ಅವರು ಕಾಫಿ ಲೋಟ ಕೆಳಗಿಟ್ಟು, ‘ಹಾಗಾದರೆ ದಾನವೂ ಅವನ ಲೆಕ್ಕಕ್ಕೇ ಬಿತ್ತಲ್ರೀ’ ಅಂದರು.

ಹೆಂಡತಿಯ ಓದುವ ಕನ್ನಡಕದ ಕೀಲು ಈಗ ಸಡಿಲವಾಗಿದೆ. ಮುಂದಿನ ವಾರ ಬಲ್ಲೀಮಾರಾನ್‌ಗೆ ಹೋಗಬೇಕು. ಆ ಕೆಲಸ ಮುಗಿದ ಮೇಲೆ ಚಾಚಾ ಹೇಳಿದ ಬೆಲೆಗೆ ಎಷ್ಟು ಸೇರಿಸಿ ಕೊಟ್ಟರೆ ಅದು ಅವರ ಕೈಗೆ ಸಲ್ಲುವ ಕೂಲಿಯಾಗುತ್ತದೆ, ಎಷ್ಟಾದರೆ ನನ್ನ ದೊಡ್ಡಸ್ತಿಕೆಯಾಗುತ್ತದೆ ಎಂದು ಲೆಕ್ಕ ಹಾಕುತ್ತಿದ್ದೇನೆ. ಮಿಲಿಮೀಟರಿನ ಲೆಕ್ಕ ಇದಕ್ಕಿಂತ ಸುಲಭವಾಗಿತ್ತು.